ತಂಗಿಗೆ ಹೇಳಿದ ಬಡ್ತಿ

ಕನ್ನಡಕದ ಗಾಜು ತಯಾರಿಸುವ ಆ ಕಂಪನಿಯಲ್ಲಿ ಅವಳನ್ನು ಎಲ್ಲರೂ ದುರ್ಬೀನಕ್ಕ ಎನ್ನುತ್ತಿದ್ದರು. ಕೊನೆಯ ತಪಾಸಣೆಯ ಮೇಜು ಅವಳದು. ಗಾಜನ್ನು ದೀಪದ ಮುಂದೆ ಹಿಡಿದು ಒಮ್ಮೆ ಓರೆ ಮಾಡಿದರೆ ಸಾಕು, ಬೇರೆಯವರಿಗೆ ಭೂತಗನ್ನಡಿಯಲ್ಲೂ ಕಾಣದ ಗೀರು ಅವಳ ಕಣ್ಣಿಗೆ ಬೀಳುತ್ತಿತ್ತು. ಅವಳು ಸೇರಿದಾಗ ಕಂಪನಿಗೆ ಇದ್ದದ್ದು ಮೂರು ಕೋಣೆ, ಹನ್ನೊಂದು ಜನ. ಹದಿನೆಂಟು ವರ್ಷದಲ್ಲಿ ಅದು ಎರಡು ಅಂತಸ್ತು, ಮುನ್ನೂರು ಜನ ಆಯಿತು. ಗೇಟು ಬಂತು, ಗೇಟಿಗೊಬ್ಬ ಕಾವಲಿನವನು ಬಂದ, ಕುತ್ತಿಗೆಗೆ ನೇತುಹಾಕಿಕೊಳ್ಳುವ ಕಾರ್ಡು ಬಂತು. ದುರ್ಬೀನಕ್ಕ ಮಾತ್ರ ಕಿಟಕಿಯಿಲ್ಲದ ಅದೇ ಕೋಣೆಯಲ್ಲಿ, ಅದೇ ಮೇಜಿನ ಮುಂದೆ ಇದ್ದಳು.

ವಿಭಾಗದ ಸೂಪರ್‌ವೈಸರ್ ನಿವೃತ್ತರಾದಾಗ, ಆ ಜಾಗಕ್ಕೆ ಅವಳೇ ಎಂದು ಎಲ್ಲರೂ ಅಂದುಕೊಂಡಿದ್ದರು. ಅವಳೂ ಅಂದುಕೊಂಡಿದ್ದಳು. ಊರಲ್ಲಿರುವ ತಂಗಿಗೆ ಫೋನಿನಲ್ಲಿ ಹೇಳಿಯೂ ಬಿಟ್ಟಿದ್ದಳು. ಸೋಮವಾರ ಬೆಳಿಗ್ಗೆ ಗೋಡೆಗೆ ಅಂಟಿಸಿದ ಕಾಗದದಲ್ಲಿ ಇದ್ದದ್ದು ಬೇರೆಯವನ ಹೆಸರು. ನಾಲ್ಕು ವರ್ಷದ ಹಿಂದೆ ಕೆಲಸಕ್ಕೆ ಸೇರಿದವನು. ಗಾಜನ್ನು ಯಾವ ಬೆರಳಲ್ಲಿ ಹಿಡಿಯಬೇಕು ಎಂಬುದನ್ನೂ ದುರ್ಬೀನಕ್ಕನೇ ಅವನಿಗೆ ಕಲಿಸಿದ್ದಳು. ಅವನು ಕೆಟ್ಟವನೇನಲ್ಲ. ಮೀಟಿಂಗಿನಲ್ಲಿ ಎದ್ದು ನಿಂತು ನಾಲ್ಕು ಮಾತು ಚೆನ್ನಾಗಿ ಆಡುತ್ತಿದ್ದ, ಅಷ್ಟೇ.

ಅವಳು ಮ್ಯಾನೇಜರ್ ಹತ್ತಿರ ಹೋದಳು. ಅವರು ಕುರ್ಚಿ ತೋರಿಸಿ, ನೀರು ತರಿಸಿಕೊಟ್ಟರು.

"ನೋಡಿ ಮೇಡಂ, ನಿಮ್ಮನ್ನ ಆ ಮೇಜಿಂದ ಎಬ್ಬಿಸಿದ್ರೆ ಅಲ್ಲಿಗೆ ಯಾರನ್ನ ಕೂರಿಸ್ಲಿ? ನಿಮ್ಮಂಥ ಕಣ್ಣು ಇನ್ನೊಂದಿಲ್ಲ."

"ಅಂದ್ರೆ ಕೆಲಸ ಚೆನ್ನಾಗಿ ಬರುತ್ತೆ ಅಂತಾನೇ ಕೊಡ್ಲಿಲ್ವಾ ಸರ್?"

ಅವರು ನಕ್ಕರು. "ಹಾಗಲ್ಲ. ಕಂಪನಿ ಬೆಳೀತಾ ಇದೆ. ಮುಂದೆ ನೋಡೋಣ."

ಮಧ್ಯಾಹ್ನ ಊಟದ ಹೊತ್ತಿಗೆ ಪಾಲಿಶ್ ವಿಭಾಗದ ಹಿರಿಯ ಕೆಲಸಗಾರ ಅವಳ ಪಕ್ಕ ಬಂದು ಕೂತ. "ನಂಗೂ ಎರಡು ಸಲ ಹಿಂಗೇ ಮೂಗಿಗೆ ತುಪ್ಪ ಸವರಿದ್ರು ತಾಯಿ. ಒಂದು ಅರ್ಜಿ ಬರೆಯೋಣ, ಎಲ್ರೂ ಸಹಿ ಹಾಕ್ತಾರೆ." ಅರ್ಜಿಯನ್ನು ಅವಳೇ ಬರೆದಳು, ಮೊದಲ ಸಹಿ ಅವಳೇ ಹಾಕಿದಳು. ಕಾಗದ ಎರಡು ದಿನ ಮೇಜಿಂದ ಮೇಜಿಗೆ ತಿರುಗಿ ವಾಪಸು ಬಂದಾಗ ಅದರಲ್ಲಿ ಅವಳ ಸಹಿಯೊಂದೇ ಇತ್ತು. ಪಾಲಿಶ್‌ನವನು ತಲೆ ಕೆರೆದುಕೊಂಡ. "ಮಗಳ ಮದುವೆ ಇದೆ ತಾಯಿ, ಈಗ ಬೇಡ." ಆಮೇಲೆ ಊಟದ ಹೊತ್ತಿಗೆ ಅವಳ ಪಕ್ಕದ ಜಾಗ ಖಾಲಿಯಾಗಿಯೇ ಉಳಿಯತೊಡಗಿತು. ಯಾರೂ ಮುಖ ತಿರುಗಿಸಲಿಲ್ಲ. ನಗುತ್ತಲೇ ದೂರ ಹೋಗಿ ಕೂರುತ್ತಿದ್ದರು.

ಆ ವಾರದ ಕೊನೆಯಲ್ಲಿ, ಅವಳು ಆಗಷ್ಟೇ ಮನೆಗೆ ಬಂದು ಚಪ್ಪಲಿ ಬಿಡುತ್ತಿರುವಾಗ, ತಂಗಿ ಫೋನು ಮಾಡಿದಳು.

"ಅಕ್ಕಾ, ಆಯ್ತಾ?"

ಬಾಗಿಲಿಗೆ ಒರಗಿ ನಿಂತ ದುರ್ಬೀನಕ್ಕ ತನ್ನ ಎರಡು ಕೋಣೆಯ ಮನೆಯನ್ನು ನೋಡಿದಳು. ಬೆಳಿಗ್ಗೆ ಇಟ್ಟುಹೋದ ಲೋಟ ಇಟ್ಟಲ್ಲೇ ಇತ್ತು. ಅದನ್ನು ಎತ್ತಿಡಲು ಕೂಡ ಅಲ್ಲಿ ಇನ್ನೊಬ್ಬರಿರಲಿಲ್ಲ.

"ಹ್ಞೂಂ," ಅಂದಳು. "ಆಯ್ತು."

ಆ ಕಡೆಯಿಂದ ತಂಗಿ ಕಿರುಚಿದ ಸದ್ದಿಗೆ ಫೋನನ್ನು ಕಿವಿಯಿಂದ ದೂರ ಹಿಡಿಯಬೇಕಾಯಿತು. ತಂಗಿಯ ಗಂಡ ಫೋನು ಕಿತ್ತುಕೊಂಡು, "ಅತ್ತಿಗೆ, ಇನ್ಮೇಲೆ ನಿಮ್ಮ ಹತ್ರ ಮಾತಾಡೋಕೂ ಅಪಾಯಿಂಟ್‌ಮೆಂಟ್ ಬೇಕಾ?" ಅಂದ. ಅವಳೂ ನಕ್ಕಳು. ಮರುದಿನ ಸೋದರಮಾವ ಫೋನು ಮಾಡಿ ಹರಸಿದರು. ಅವರ ದನಿ ಕೇಳಿ ಮೂರು ವರ್ಷವಾಗಿತ್ತು.

ಮುಂದಿನ ಸಲ ಮಾತಾಡುವಾಗ ನಿಜ ಹೇಳಿಬಿಡಬೇಕು ಎಂದು ಅವಳು ನಿಶ್ಚಯಿಸಿದ್ದಳು. ಆದರೆ ಹದಿನೈದು ದಿನಕ್ಕೊಮ್ಮೆ ಮಾತಾಡುತ್ತಿದ್ದ ತಂಗಿ ಈಗ ದಿನಾ ಫೋನು ಮಾಡತೊಡಗಿದಳು. ತಂಗಿ ಶಾಲೆಯೊಂದರಲ್ಲಿ ಗುಮಾಸ್ತೆ. "ನಮ್ಮ ಹೆಡ್ಡು ಎಲ್ರೆದುರು ರೇಗಿದ್ರು ಅಕ್ಕಾ. ನೀನಾಗಿದ್ರೆ ಏನ್ ಮಾಡ್ತಿದ್ದೆ?" ಎಂದು ಕೇಳುತ್ತಿದ್ದಳು. ದುರ್ಬೀನಕ್ಕ ಯೋಚಿಸಿ ಉತ್ತರ ಕೊಡುತ್ತಿದ್ದಳು. ತಪ್ಪು ಮಾಡಿದವರನ್ನು ಒಬ್ಬರೇ ಇರುವಾಗ ಕರೆದು ಮಾತಾಡಬೇಕು, ಹೊಗಳುವುದಾದರೆ ನಾಲ್ಕು ಜನರ ಮುಂದೆ ಹೊಗಳಬೇಕು, ಹೀಗೆ. ಎಲ್ಲವೂ ತೂಕದ ಮಾತೇ. ಹೇಳುತ್ತ ಹೇಳುತ್ತ, ತಾನು ಆ ಕೆಲಸವನ್ನು ಎಷ್ಟು ಚೆನ್ನಾಗಿ ಮಾಡಬಹುದಿತ್ತು ಎಂಬುದು ಅವಳಿಗೇ ಗೊತ್ತಾಗುತ್ತಿತ್ತು. ಕೇಳಿದಾಗ ತನ್ನ ಕ್ಯಾಬಿನ್ನು, ಅದರ ಗಾಜಿನ ಗೋಡೆ, ಬೀಗದ ಕೈ ಗೊಂಚಲು ಎಲ್ಲವನ್ನೂ ವರ್ಣಿಸಿದಳು. ಸಂಜೆ ಏಳಾಯಿತೆಂದರೆ ಫೋನನ್ನು ಮಡಿಲಲ್ಲಿಟ್ಟುಕೊಂಡು ಕಾಯುತ್ತಿದ್ದಳು.

ಎರಡು ತಿಂಗಳು ಕಳೆದ ಮೇಲೆ ಒಂದು ದಿನ, ಹನ್ನೊಂದು ಗಂಟೆಯ ಹೊತ್ತಿಗೆ, ಹೊಸ ಸೂಪರ್‌ವೈಸರ್ ಅವಳ ಮೇಜಿನ ಬಳಿ ಬಂದು ದನಿ ತಗ್ಗಿಸಿದ.

"ಅಕ್ಕಾ, ಗೇಟಲ್ಲಿ ನಿಮ್ಮ ತಂಗಿ ಬಂದಿದ್ದಾರಂತೆ. ಸೂಪರ್‌ವೈಸರ್ ಮೇಡಂನ ನೋಡ್ಬೇಕು ಅಂದ್ರಂತೆ. ಅದಕ್ಕೆ ನನಗೆ ಫೋನು ಬಂತು."

ಅವಳ ಕೈಯಲ್ಲಿದ್ದ ಗಾಜು ಮೇಜಿನ ಮೇಲೆ ಬಿತ್ತು. ಅವನು ಅದನ್ನು ಎತ್ತಿಟ್ಟ. ಏನನ್ನೂ ಕೇಳಲಿಲ್ಲ. "ನನ್ನ ಕ್ಯಾಬಿನ್‌ಗೆ ಹೋಗಿ ಕೂತ್ಕೊಳ್ಳಿ. ನಾನೇ ಕರ್ಕೊಂಡು ಬರ್ತೀನಿ," ಎಂದು ಹೇಳಿ ಹೊರಟೇಹೋದ.

ಅವಳು ಹೋಗಿ ಕೂತಳು. ಕುರ್ಚಿಯನ್ನು ಅವನ ಎತ್ತರಕ್ಕೆ ಏರಿಸಿಟ್ಟಿದ್ದರಿಂದ ಅವಳ ಕಾಲು ನೆಲಕ್ಕೆ ತಾಗಲಿಲ್ಲ. ತಗ್ಗಿಸುವುದು ಹೇಗೆಂದು ತಿಳಿಯುವಷ್ಟರಲ್ಲಿ ತಂಗಿ ಬಾಗಿಲಲ್ಲಿದ್ದಳು. ಬೆವರಿದ ಮುಖದ ತುಂಬ ನಗು. ಶಾಲೆಯ ಕಾಗದಪತ್ರ ಕೊಡಲು ನಗರದ ಕಚೇರಿಗೆ ಬಂದಿದ್ದಳಂತೆ, ಹಾಗೇ ಅಕ್ಕನನ್ನು ಬೆರಗಾಗಿಸೋಣವೆಂದು ಇಲ್ಲಿಗೂ ನುಗ್ಗಿದಳಂತೆ. ಕ್ಯಾಬಿನ್ನನ್ನು ಸುತ್ತ ನೋಡಿದಳು, ಗಾಜಿನ ಗೋಡೆ ಮುಟ್ಟಿದಳು. ಹತ್ತು ನಿಮಿಷದಲ್ಲೇ ಅವಳ ಮಾತು ಕಡಿಮೆಯಾಯಿತು. "ನಿಂಗೆ ಕೆಲಸ ಇರುತ್ತೆ, ಹೊರಡ್ತೀನಿ," ಎಂದು ಎದ್ದಳು.

ಗೇಟಿನಾಚೆ ಬಸ್ಸಿಗೆ ಕಾಯುವಾಗ ತಂಗಿ ರಸ್ತೆ ನೋಡುತ್ತಲೇ ಕೇಳಿದಳು. "ಅಕ್ಕಾ, ಆ ಮೇಜಿನ ಮೇಲೆ ಫೋಟೋ ಇತ್ತಲ್ಲ, ಅದ್ಯಾರ ಮಗು?"

ದುರ್ಬೀನಕ್ಕನಿಗೆ ಇನ್ನೊಂದು ಸುಳ್ಳು ಹುಟ್ಟಲಿಲ್ಲ. ಇದ್ದದ್ದನ್ನು ಇದ್ದಹಾಗೆ ಹೇಳಿದಳು. ಗೋಡೆಯ ಕಾಗದದಿಂದ ಹಿಡಿದು ಒಂದೇ ಸಹಿಯ ಅರ್ಜಿಯವರೆಗೆ.

ತಂಗಿಯ ಕಣ್ಣು ಕೆಂಪಾಯಿತು. "ನಾನೇನು ಹೊರಗಿನವಳಾ? ಸಿಗಲಿಲ್ಲ ಅಂತ ಹೇಳಿದ್ರೆ ನಿನ್ನ ಹತ್ರ ಮಾತು ಬಿಟ್ಬಿಡ್ತಿದ್ನಾ?"

"ಬಿಡ್ತಿರ್ಲಿಲ್ಲ. ಆದ್ರೆ ದಿನಾ ಫೋನೂ ಮಾಡ್ತಿರ್ಲಿಲ್ಲ ಕಣೇ."

ಅಷ್ಟರಲ್ಲಿ ಬಸ್ಸು ಬಂತು. ಹತ್ತುವಾಗ ತಂಗಿ ಅಕ್ಕನ ಕೈಯನ್ನು ಒಮ್ಮೆ ಗಟ್ಟಿಯಾಗಿ ಹಿಡಿದಳು, ಆದರೆ ಕೂತ ಮೇಲೆ ತಿರುಗಿ ನೋಡಲಿಲ್ಲ.

ಅಂದು ಸಂಜೆ ಏಳಕ್ಕೆ ಫೋನು ಬರಲಿಲ್ಲ. ಮರುದಿನವೂ ಇಲ್ಲ. ಒಂಬತ್ತನೇ ದಿನ ಬಂತು. ತಂಗಿ ಮಕ್ಕಳ ಪರೀಕ್ಷೆಯ ವಿಷಯ ಹೇಳಿದಳು, ಅಕ್ಕನ ಮೊಣಕಾಲು ನೋವನ್ನು ವಿಚಾರಿಸಿದಳು. ಶಾಲೆಯ ಸುದ್ದಿ ಎತ್ತಲಿಲ್ಲ. ನೀನಾಗಿದ್ದರೆ ಏನು ಮಾಡುತ್ತಿದ್ದೆ ಎಂದು ಕೇಳಲಿಲ್ಲ. ಅದನ್ನು ಮಾತ್ರ ದುರ್ಬೀನಕ್ಕನಿಗೆ ತಡೆದುಕೊಳ್ಳಲಾಗಲಿಲ್ಲ. ಬಡ್ತಿ ಕೈತಪ್ಪಿದ ದಿನ ಬಾರದ ಅಳು ಆವತ್ತು ಬಂತು.

ವರ್ಷದ ಕೊನೆಗೆ ಕಂಪನಿ ಮೂರನೆಯ ಅಂತಸ್ತು ಕಟ್ಟಿಸಿತು. ಇನ್ನೊಂದು ಸೂಪರ್‌ವೈಸರ್ ಜಾಗ ಹುಟ್ಟಿತು, ಅದಕ್ಕೆ ಹೊರಗಿನಿಂದ ಯಾರನ್ನೋ ಕರೆತಂದರು. ಈ ಸಲ ಅವಳು ಮ್ಯಾನೇಜರ್ ಹತ್ತಿರ ಕಾರಣ ಕೇಳಲು ಹೋಗಲಿಲ್ಲ. ರಾಜೀನಾಮೆಯನ್ನು ಮೇಜಿನ ಮೇಲಿಟ್ಟಳು. ಅವರು ಎರಡು ಸಲ ಓದಿದರು. "ಮೊದಲೇ ಹೇಳಬಾರದಿತ್ತಾ ಮೇಡಂ?" ಅಂದರು.

"ಹೇಳಿದ್ದೆ ಸರ್."

ನಗರದ ಇನ್ನೊಂದು ಮೂಲೆಯಲ್ಲಿ ಐದೇ ಜನರ ಒಂದು ಗಾಜಿನ ಕಾರ್ಯಾಗಾರವಿತ್ತು, ಅಲ್ಲಿಗೆ ಸೇರಿದಳು. ಅದರ ಒಡತಿ ವಯಸ್ಸಾದವಳು, ಕಣ್ಣು ಮಂಜಾಗಿತ್ತು. ಕೆಲಸವನ್ನು ಪೂರ್ತಿ ದುರ್ಬೀನಕ್ಕನಿಗೆ ಒಪ್ಪಿಸಿ, ತಾನು ಹಿಂದಿನ ಕೋಣೆಯಲ್ಲಿ ರೇಡಿಯೋ ಕೇಳುತ್ತ ಕೂತಳು. ಇಲ್ಲಿ ಹೇಳುವವಳೂ ದುರ್ಬೀನಕ್ಕನೇ, ತಪ್ಪಾದರೆ ಕೇಳಿಸಿಕೊಳ್ಳುವವಳೂ ಅವಳೇ.

ತಂಗಿಗೆ ಇದನ್ನು ಫೋನಿನಲ್ಲಿ ಹೇಳಲು ಅವಳಿಗೆ ಧೈರ್ಯವಾಗಲಿಲ್ಲ. ಭಾನುವಾರ ಬೆಳಿಗ್ಗೆ ಎದ್ದು, ಚೀಲಕ್ಕೆ ಒಂದು ಜೊತೆ ಬಟ್ಟೆ ತುರುಕಿ, ಬಸ್ಸು ಹತ್ತಿದಳು. ಪಕ್ಕದ ಸೀಟಿಗೆ ಯಾರೂ ಬರಲಿಲ್ಲ. ಹೇಳಿದರೆ ನಂಬುತ್ತಾಳೋ ಇಲ್ಲವೋ ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕಿದಳು. ನಂಬದಿದ್ದರೆ ಬೈಯಲಿ, ಎದುರಿಗೆ ಕೂತು ಬೈಯಲಿ ಅನ್ನಿಸಿತು.