ಮೂರನೆಯ ಸ್ಪ್ರಿಂಗು

ಹಳೆಯ ಮೋಟಾರು ಗರಗಸದ ಫ್ಯಾನಿನ ಮುಚ್ಚಳದ ಕೊನೆಯ ಸ್ಕ್ರೂ ಬಿಚ್ಚಿದ್ದೇ ತಡ, ಒಳಗಿದ್ದದ್ದೆಲ್ಲ ಮೇಜಿನ ಮೇಲೆ ಸುರಿಯಿತು. ಹತ್ತಿ, ಕಾಗದದ ಚೂರು, ನೀಲಿ ದಾರ, ಹಿಕ್ಕೆ, ಅದರ ನಡುವೆ ಒಣಗಿ ಚಕ್ಕಳವಾಗಿದ್ದ ಮೂರು ಇಲಿಮರಿ. ಮೆಕ್ಯಾನಿಕ್ ಸ್ಕ್ರೂಡ್ರೈವರನ್ನು ಅಲ್ಲೇ ಬಿಟ್ಟು ಎರಡು ಹೆಜ್ಜೆ ಹಿಂದೆ ಸರಿದ.

"ಥೂ. ಇದನ್ನ ಕಾರಿನ ಸೀಟ್ ಮೇಲೆ ಇಟ್ಕೊಂಡು ತಂದಿದಾನಲ್ಲ ಪುಣ್ಯಾತ್ಮ."

ಮೇಜಿನ ಆಚೆ ಬದಿಯಲ್ಲಿ ಸ್ಟೂಲಿನ ಮೇಲೆ ಕೂತು, ಯಾರದೋ ಗರಗಸದ ಚೈನಿನ ಹಲ್ಲುಗಳನ್ನು ದುಂಡನೆಯ ಅರದಿಂದ ಒಂದೊಂದಾಗಿ ಉಜ್ಜುತ್ತಿದ್ದ ಭಾವ ತಲೆ ಎತ್ತಿ ನಕ್ಕರು. "ಬಾಡಿಗೆ ಇಲ್ದೆ ಆರಾಮಾಗಿ ಸಂಸಾರ ಮಾಡ್ಕೊಂಡಿದ್ವು. ನೀನು ಎಬ್ಬಿಸಿಬಿಟ್ಟೆ."

ಭಾವ ಅವನ ಅಕ್ಕನ ಗಂಡ. ಅಂಗಡಿಯಲ್ಲಿ ಇದ್ದವರು ಇವರಿಬ್ಬರೇ. ಮರ ಕೊಯ್ಯುವ ಹಳೆಯ ಮೋಟಾರು ಗರಗಸಗಳೂ ಕಲ್ಲು, ಕಬ್ಬಿಣ ಕತ್ತರಿಸುವ ಚಕ್ರದ ಗರಗಸಗಳೂ ಗೋಡೆಯುದ್ದಕ್ಕೂ ಸಾಲಾಗಿ ಬಿದ್ದಿದ್ದವು. ಒಂದಕ್ಕೆ ಸಿಮೆಂಟಿನ ಧೂಳು ಎಣ್ಣೆಯ ಜೊತೆ ಸೇರಿ ಹಿಟ್ಟಾಗಿ ಮೆತ್ತಿಕೊಂಡಿತ್ತು. ಇನ್ನೊಂದರ ಟ್ಯಾಂಕಿನಲ್ಲಿ ವರ್ಷಗಟ್ಟಲೆ ನಿಂತ ಪೆಟ್ರೋಲು ಅಂಟಾಗಿ, ಮುಚ್ಚಳ ತೆಗೆದರೆ ಮೂಗು ಮುಚ್ಚಿಕೊಳ್ಳುವಂಥ ನಾತ. ಮೂವತ್ತು ವರ್ಷದಿಂದ ಇದೇ ಕೆಲಸ ಮಾಡಿದರೂ ಮೆಕ್ಯಾನಿಕ್‌ಗೆ ಹೇಸಿಗೆ ಹೋಗಿರಲಿಲ್ಲ. ಯಂತ್ರವನ್ನು ದುಡಿಸಿಕೊಂಡು ಒರೆಸದೆ ಮೂಲೆಗೆ ಎಸೆಯುವ ಜನರನ್ನು ಕಂಡರೆ ಅವನಿಗೆ ಮೈ ಉರಿಯುತ್ತಿತ್ತು. ಅವನ ಹತ್ತಿರ ಒಂದು ಡಬ್ಬಿಯಲ್ಲಿ ಬಿಳಿ ಬಟ್ಟೆ ಇರುತ್ತಿತ್ತು, ದಿನಾ ಬೆಳಿಗ್ಗೆ ಒಗೆದದ್ದು. ಅದು ಅವನ ಕೈ ಒರೆಸುವುದಕ್ಕೆ ಮಾತ್ರ. ಭಾವ ಕೂಡ ಅದನ್ನು ಮುಟ್ಟುವಂತಿರಲಿಲ್ಲ. ಗಿರಾಕಿಗಳು ಬೆನ್ನ ಹಿಂದೆ ಅವನನ್ನು ಮಡಿವಂತ ಎಂದು ಕರೆಯುತ್ತಿದ್ದದ್ದು ಸುಮ್ಮನೆ ಅಲ್ಲ.

ಈ ಇಲಿಗೂಡಿನ ಗರಗಸ ತಂದವನು ಹೋಟೆಲಿನವನು. ಮುಖ್ಯರಸ್ತೆಯಲ್ಲಿ ಹೊಸ ಹೋಟೆಲು ಕಟ್ಟಿಸಿ ಗೋಡೆಗೆಲ್ಲ ಹಳೇ ಸಾಮಾನು ನೇತುಹಾಕುತ್ತಿದ್ದ. ಗುಜರಿಯಲ್ಲಿ ಇದು ಸಿಕ್ಕಿತಂತೆ. ಕೆಂಪು ಬಣ್ಣ ಹೊಡೆದು ಫಳಫಳ ಮಾಡಿಕೊಡಬೇಕು, ಹೋಟೆಲು ಶುರುವಾಗುವ ದಿನ ಎಲ್ಲರೆದುರು ಒಂದು ಸಲ ಸ್ಟಾರ್ಟೂ ಆಗಬೇಕು. ಬೆವರು ಸುರಿಸಿ ಮರ ಕೊಯ್ದ ಯಂತ್ರವನ್ನು ನೋಡುತ್ತ ಜನ ಊಟ ಮಾಡುವುದನ್ನು ನೆನೆಸಿಕೊಂಡರೇ ಮೆಕ್ಯಾನಿಕ್‌ಗೆ ಹೇಸಿಗೆಯಾಗುತ್ತಿತ್ತು. ಆದರೂ ಒಪ್ಪಿಕೊಂಡಿದ್ದ. ಸತ್ತ ಇಂಜಿನು ಮತ್ತೆ ಗುರ್ ಎನ್ನುವುದನ್ನು ಕೇಳುವ ಚಟ ಅವನಿಗೆ.

ಇಲಿಗೂಡನ್ನು ಮರದ ಚಕ್ಕೆಯಿಂದ ಬಕೆಟ್ಟಿಗೆ ತಳ್ಳಿ, ಗರಗಸಕ್ಕೆ ಸೀಮೆಎಣ್ಣೆ ಸುರಿದು ಬ್ರಷ್ಷಿನಿಂದ ತಿಕ್ಕಿದ. ಕಪ್ಪು ಕೊಳೆ ಪದರ ಪದರವಾಗಿ ಎದ್ದುಬಂತು. ಮುಂದಿನ ಹಿಡಿ ಬೆಳ್ಳಗಾಗುತ್ತಿದ್ದಂತೆ ಭಾವ ಅರವನ್ನು ಕೆಳಗಿಟ್ಟರು.

"ಅದನ್ನ ಸ್ವಲ್ಪ ಈ ಕಡೆ ತಿರುಗ್ಸು."

ತಿರುಗಿಸಿದ. ಹಿಡಿಯ ಅಡಿಯಲ್ಲಿ ಅರದಿಂದ ಎಳೆದ ಮೂರು ಗೀರುಗಳಿದ್ದವು, ಬೆವರಿದ ಕೈ ಜಾರದಿರಲಿ ಎಂದು ಮಾಡಿಕೊಂಡಂಥವು. ಭಾವ ಹೆಬ್ಬೆರಳಿನಿಂದ ಅವನ್ನು ಸವರಿದರು.

"ಇದು ನಂದು ಕಣೋ," ಎಂದರು. ಹಳೇ ಸ್ನೇಹಿತ ರಸ್ತೆಯಲ್ಲಿ ಸಿಕ್ಕಂತೆ ಅವರ ಮುಖ ಅರಳಿತ್ತು. "ನನ್ನ ಕಾಲು ತಿಂದು ಎಲ್ಲಾ ಕಡೆ ಸುತ್ತಾಡಿ ಬಂದಿದೆ ನೋಡು."

ಮೆಕ್ಯಾನಿಕ್ ಸೀಮೆಎಣ್ಣೆಯ ಡಬ್ಬಿಯ ಮುಚ್ಚಳ ಹುಡುಕತೊಡಗಿದ.

ಹದಿನೆಂಟು ವರ್ಷದ ಹಿಂದೆ ಭಾವ ಮರ ಕೊಯ್ಯುತ್ತಿದ್ದರು. ಒಂದು ದಿನ ಬಿದ್ದ ಮರದ ಕೊಂಬೆಗಳನ್ನು ಎಡಗೈಯಲ್ಲಿ ಸರಿಸುವಾಗ, ಬಲಗೈಯಲ್ಲಿ ಇಳಿಬಿಟ್ಟಿದ್ದ ಗರಗಸದ ಚೈನು ಪ್ಯಾಂಟಿಗೆ ಸಿಕ್ಕಿ ಎಡಪಾದದ ಅರ್ಧ ಹೋಯಿತು. ಇಂಜಿನು ಓಡುತ್ತಿತ್ತು, ಆದರೆ ಬರೀ ಓಡುತ್ತಿದ್ದರೆ ಚೈನು ತಿರುಗಬಾರದು. ಬೆರಳು ಹಿಡಿಯಲ್ಲಿರುವ ಆಕ್ಸಿಲರೇಟರನ್ನು ಒತ್ತಿದರೆ ಮಾತ್ರ ತಿರುಗಬೇಕು. ಆಸ್ಪತ್ರೆಯಲ್ಲಿ ಮೊದಲ ದಿನ ಭಾವ, "ಚೈನು ತಾನಾಗೇ ತಿರುಗ್ತಿತ್ತು," ಎಂದಿದ್ದರು. ಮೆಕ್ಯಾನಿಕ್ ಹಾಸಿಗೆಯ ಪಕ್ಕ ನಿಂತು, "ಬೆರಳು ಒತ್ತದೆ ತಿರುಗಲ್ಲ ಭಾವ, ನಿಮಗೆ ಗೊತ್ತಾಗಿರಲ್ಲ," ಎಂದಿದ್ದ. ಯಂತ್ರ ಬಲ್ಲವನ ಮಾತು. ಅಕ್ಕ ನಂಬಿದಳು, ಎಲ್ಲರೂ ನಂಬಿದರು, ಕೊನೆಗೆ ಭಾವನೂ ನಂಬಿದರು.

ಅಂದಿನಿಂದ ಆ ಬೆರಳು ಮನೆಯಲ್ಲಿ ಅಪರಾಧಿ. ಭಾವ ಸ್ಕೂಟರ್ ಓಡಿಸುವಂತಿಲ್ಲ, ಸ್ಟೌ ಹಚ್ಚುವಂತಿಲ್ಲ. ಮೊಮ್ಮಗಳನ್ನು ಎತ್ತಿಕೊಳ್ಳಬೇಕೆಂದರೆ ನೆಲದ ಮೇಲೆ ಕೂರಬೇಕು, ಅಕ್ಕ ಮಗುವನ್ನು ತಂದು ತೊಡೆಯ ಮೇಲಿಡುತ್ತಾಳೆ. "ನಿಮ್ಮ ಕೈಗೆ ಏನು ಗ್ಯಾರಂಟಿ," ಎನ್ನುತ್ತಾಳೆ, ಕೋಪವಿಲ್ಲದೆ, ಅಕ್ಕಿ ಮುಗಿದಿದೆ ಎಂದು ಹೇಳುವ ಹಾಗೆ. ಭಾವ ಅಂಗಡಿಗೆ ಬರುವ ಹೊಸ ಗಿರಾಕಿಗಳಿಗೆಲ್ಲ ಬಲಗೈಯ ತೋರುಬೆರಳನ್ನು ಎತ್ತಿ ತೋರಿಸುತ್ತಿದ್ದರು. "ಇದೇ ನೋಡಿ. ಒಂದು ಗಳಿಗೆ ಮೈಮರೀತು. ಆಕ್ಸಿಲರೇಟರ್ ಮೇಲೆ ಬೆರಳು ಇಡಬೇಡಿ, ನನ್ನ ಕಾಲು ನೋಡ್ಕಳಿ." ಜನ ಲೊಚಗುಟ್ಟುತ್ತಿದ್ದರು.

ಮರುದಿನ ಬೆಳಿಗ್ಗೆ ಭಾವ ಬರುವ ಮುಂಚೆಯೇ ಮೆಕ್ಯಾನಿಕ್ ಗರಗಸದ ಕ್ಲಚ್ಚು ಬಿಚ್ಚಿದ. ರಾತ್ರಿ ಸರಿಯಾಗಿ ನಿದ್ದೆ ಬಂದಿರಲಿಲ್ಲ. ಕ್ಲಚ್ಚಿನಲ್ಲಿ ಮೂರು ತುಂಡುಗಳಿರುತ್ತವೆ, ಅವನ್ನು ಒಳಕ್ಕೆ ಎಳೆದು ಹಿಡಿಯಲು ಮೂರು ಸ್ಪ್ರಿಂಗು. ಇಂಜಿನಿನ ವೇಗ ಏರಿದಾಗ ತುಂಡುಗಳು ಹೊರಕ್ಕೆ ಚಾಚಿ ಚೈನನ್ನು ತಿರುಗಿಸುತ್ತವೆ. ಒಂದು ಸ್ಪ್ರಿಂಗು ಸಡಿಲವಾದರೂ ಸಾಕು, ಯಾರೂ ಏನೂ ಒತ್ತದೆ ಚೈನು ತೆವಳತೊಡಗುತ್ತದೆ.

ಎರಡು ಸ್ಪ್ರಿಂಗುಗಳು ಕಂಪನಿಯವು. ಮೂರನೆಯದು ಅಲ್ಲ. ಮೊಪೆಡ್ಡಿನ ಬ್ರೇಕಿನ ಸ್ಪ್ರಿಂಗನ್ನು ಕತ್ತರಿಸಿ, ತುದಿಗಳನ್ನು ಇಕ್ಕಳದಿಂದ ಕೊಕ್ಕೆ ಮಾಡಿ ಕೂರಿಸಿದ್ದು. ಕೊಕ್ಕೆ ಎಡಕ್ಕೆ ತಿರುಚಿತ್ತು. ಬೇರೆಯವರು ಬಲಕ್ಕೆ ತಿರುಚುತ್ತಾರೆ. ಈ ಊರಿನ ರಿಪೇರಿಯವರಲ್ಲಿ ಎಡಚ ಅವನೊಬ್ಬನೇ.

ಅವನಿಗೆ ಎಲ್ಲ ನೆನಪಾಯಿತು ಎಂದರೆ ಸುಳ್ಳು. ಅವನು ಎಂದೂ ಮರೆತಿರಲಿಲ್ಲ. ಒಂದು ಸ್ಪ್ರಿಂಗು ಮುರಿದು ಗರಗಸ ರಿಪೇರಿಗೆ ಬಂದಿದ್ದ ಆವತ್ತು ಹೊಸದು ಸಿಕ್ಕಿರಲಿಲ್ಲ, ಭಾವನಿಗೆ ಬೆಳಗಾದರೆ ಕೆಲಸವಿತ್ತು. "ಎರಡು ದಿನ ಓಡ್ಸಿ, ಆಮೇಲೆ ಬದಲಾಯಿಸ್ತೀನಿ," ಎಂದುಕೊಂಡಿದ್ದ, ಮನಸ್ಸಿನಲ್ಲಿ. ಬಾಯಿಬಿಟ್ಟು ಹೇಳಿರಲಿಲ್ಲ. ಹೇಳಿದ್ದರೆ ಕೆಲಸ ಬಾರದವನು ಅನ್ನಿಸಿಕೊಳ್ಳಬೇಕಿತ್ತು. ಎರಡು ದಿನ ಹೋಗಿ ಒಂದೂವರೆ ತಿಂಗಳಾಯಿತು. ಭಾವ ಇನ್ನೂ ಆಸ್ಪತ್ರೆಯಲ್ಲಿರುವಾಗಲೇ ಗರಗಸವನ್ನು ಗುಜರಿಗೆ ಹಾಕಿದವನೂ ಅವನೇ. ಅಕ್ಕನ ಕಣ್ಣಿಗೆ ಬೀಳಬಾರದು ಎಂದು ನೆವ ಹೇಳಿದ್ದ. ಬಿಚ್ಚಿ ನೋಡಿರಲಿಲ್ಲ. ನೋಡದಿದ್ದರೆ ಗೊತ್ತಿಲ್ಲ ಎಂದುಕೊಂಡು ಬದುಕಬಹುದಲ್ಲ.

ಇಷ್ಟು ವರ್ಷ ಊರವರ ಕೊಳಕಿಗೆಲ್ಲ ಮೂಗು ಮುಚ್ಚಿಕೊಂಡವನಿಗೆ ಈಗ ತನ್ನ ಕೈಯನ್ನು ನೋಡಲು ಅಸಹ್ಯವಾಯಿತು. ಡಬ್ಬಿ ತೆಗೆದು ಬಿಳಿ ಬಟ್ಟೆಯಿಂದ ಬೆರಳುಗಳನ್ನು ತಿಕ್ಕಿದ. ಬಟ್ಟೆ ಕಪ್ಪಾಯಿತು. ಬಚ್ಚಲಿಗೆ ಹೋಗಿ ಬಟ್ಟೆಯನ್ನು ಸೋಪು ಹಾಕಿ ಒಗೆದು ತಂತಿಯ ಮೇಲೆ ಹರವಿ ಬಂದ.

ಡ್ರಾಯರಿನಲ್ಲಿ ಅದೇ ಅಳತೆಯ ಕಂಪನಿ ಸ್ಪ್ರಿಂಗುಗಳಿದ್ದವು. ಒಂದನ್ನು ಹಾಕಿ ಹಳೆಯದನ್ನು ಚರಂಡಿಗೆಸೆದರೆ ಎರಡು ನಿಮಿಷದ ಕೆಲಸ. ಹೊಸದನ್ನು ಕೈಗೆ ತೆಗೆದುಕೊಂಡ. ಅಷ್ಟರಲ್ಲಿ ಬಾಗಿಲಲ್ಲಿ ಭಾವನ ಕುಂಟು ಹೆಜ್ಜೆಯ ಸದ್ದೂ ಅವರ ಹಿಂದೆಯೇ ಹೋಟೆಲಿನವನ ಸೆಂಟಿನ ವಾಸನೆಯೂ ಬಂದವು.

ಇಬ್ಬರೂ ರಸ್ತೆಯಲ್ಲೇ ಮಾತಿಗೆ ಕೂಡಿದ್ದರು ಎಂದು ಕಾಣುತ್ತದೆ. ಹೋಟೆಲಿನವನ ಮುಖ ಊರಗಲ ಆಗಿತ್ತು.

"ಏನ್ ಸಾರ್ ನೀವು, ಇಂಥಾ ಕಥೆ ಇಟ್ಕೊಂಡು ಒಂದು ಮಾತು ಹೇಳ್ಬಾರ್ದಾ? ಗರಗಸದ ಕೆಳಗೆ ಒಂದು ಬೋರ್ಡ್ ಹಾಕಿಸ್ತೀನಿ. ಈ ಯಜಮಾನ್ರ ಫೋಟೋ, ಅವರು ಹೀಗೆ ಬೆರಳು ಎತ್ಕೊಂಡು ನಿಂತಿರೋದು. ಒಂದು ಬೆರಳಿನ ತಪ್ಪು ಅಂತ ದೊಡ್ಡದಾಗಿ ಬರೆಸ್ತೀನಿ. ಜನ ಊಟ ಬಿಟ್ಟು ಓದ್ತಾರೆ."

"ಪಾದ ಕಾಣ್ಬೇಕಾ?" ಭಾವ ಕೇಳಿದರು.

"ಬೇಡ ಬೇಡ, ಊಟ ಮಾಡೋ ಜಾಗ," ಎಂದ ಹೋಟೆಲಿನವನು. "ಬೆರಳು ಸಾಕು."

ಭಾವ ಗಂಭೀರವಾಗಿ ತಲೆಯಾಡಿಸಿ, ಅಭ್ಯಾಸದಂತೆ ಬೆರಳನ್ನು ಎತ್ತಿ ಹಿಡಿದರು. ಹೋಟೆಲಿನವನು ಫೋನು ತೆಗೆದು ಅಲ್ಲೇ ಒಂದು ಫೋಟೋ ಹೊಡೆದ, ಸರಿ ಬರಲಿಲ್ಲ ಎಂದು ಇನ್ನೊಂದು ಹೊಡೆದ. ಮೆಕ್ಯಾನಿಕ್‌ಗೆ ಈ ಮನುಷ್ಯನ ಮುಖಕ್ಕೆ ಕೊಳೆ ಸೀಮೆಎಣ್ಣೆಯ ಬಕೆಟ್ಟನ್ನು ಎರಚಬೇಕು ಅನ್ನಿಸಿತು. ಆದರೆ ಹೋಟೆಲಿನವನು ಬರೆಸಲು ಹೊರಟಿದ್ದ ಮಾತು ಅವನ ಸ್ವಂತದ್ದಲ್ಲ. ಅದನ್ನು ಹದಿನೆಂಟು ವರ್ಷದ ಹಿಂದೆ ಆಸ್ಪತ್ರೆಯಲ್ಲಿ ಹೇಳಿದವನು ಇಲ್ಲಿ, ಹೊಸ ಸ್ಪ್ರಿಂಗು ಹಿಡಿದು ನಿಂತಿದ್ದ.

"ನಾಳೆ ಬನ್ನಿ," ಎಂದ.

"ನಾಳೆ ರೆಡಿ ಇರುತ್ತಾ?"

"ನಾಳೆ ಬನ್ನಿ ಅಂದ್ನಲ್ಲ."

ಹೋಟೆಲಿನವನು ಹೋದ ಮೇಲೆ ಮೆಕ್ಯಾನಿಕ್ ಹೊಸ ಸ್ಪ್ರಿಂಗನ್ನು ಡ್ರಾಯರಿಗೆ ಹಾಕಿದ. ಹಳೆಯದನ್ನೇ ಕ್ಲಚ್ಚಿಗೆ ಕೂರಿಸಿದ. ಕಾರ್ಬರೇಟರಿಗೆ ಹೊಸ ರಬ್ಬರು ಪೊರೆ, ಟ್ಯಾಂಕಿಗೆ ಹೊಸ ಪೈಪು ಹಾಕಿ, ಪ್ಲಗ್ಗು ಬದಲಿಸಿದ. ಮಧ್ಯಾಹ್ನದವರೆಗೆ ಅದೇ ಆಯಿತು. ಭಾವ ಅದರ ಚೈನನ್ನು ತಾವೇ ತೀಡಿಕೊಟ್ಟರು. "ಎಷ್ಟಾದ್ರೂ ನನ್ನದೇ ಹಲ್ಲು," ಎಂದು ತಮಾಷೆ ಮಾಡಿದರು.

"ಹಿತ್ತಿಲಿಗೆ ಬನ್ನಿ ಭಾವ. ಸ್ವಲ್ಪ ಕೆಲಸ ಇದೆ."

ಹಿತ್ತಿಲಿನಲ್ಲಿ ಒಂದು ಮರದ ದಿಮ್ಮಿ ಇತ್ತು. ಗರಗಸವನ್ನು ಅದರ ಮೇಲಿಟ್ಟು, ಎರಡು ಹಿಡಿಗಳನ್ನೂ ಹಗ್ಗದಿಂದ ಬಿಗಿದು, ಚೈನು ಗಾಳಿಯಲ್ಲಿ ಚಾಚಿಕೊಂಡಿರುವಂತೆ ಮಾಡಿದ. ಹಗ್ಗ ಆಕ್ಸಿಲರೇಟರಿಗೆ ತಗಲದಂತೆ ಎರಡು ಸಲ ನೋಡಿದ. ನಾಲ್ಕನೆಯ ಎಳೆತಕ್ಕೆ ಇಂಜಿನು ಕೆಮ್ಮಿ, ನೀಲಿ ಹೊಗೆ ಉಗುಳಿ, ಹೊತ್ತಿಕೊಂಡಿತು. ಅದು ಬಿಸಿಯಾಗುವವರೆಗೆ ಕಾದು, ವೇಗವನ್ನು ಇಳಿಸಿ ಹದಕ್ಕೆ ತಂದ. ಆಮೇಲೆ ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡು ಸರಿದು ನಿಂತ.

ಮೊದಲು ಚೈನು ಅಲುಗಾಡಲಿಲ್ಲ. ನಂತರ ಒಂದು ಹಲ್ಲು ಮುಂದೆ ಬಂತು, ಇನ್ನೊಂದು ಬಂತು. ನೋಡನೋಡುತ್ತಿದ್ದಂತೆ ಚೈನು ತನ್ನ ಪಾಡಿಗೆ ತೆವಳುತ್ತ ಸುತ್ತತೊಡಗಿತು. ಭಾವ ಕುಂಟುತ್ತ ಹತ್ತಿರ ಹೋಗಿ ಬಗ್ಗಿ ಆಕ್ಸಿಲರೇಟರನ್ನು ನೋಡಿದರು. ಅದರ ಮೇಲೆ ಏನೂ ಇರಲಿಲ್ಲ. ಮತ್ತೆ ಚೈನನ್ನು ನೋಡಿದರು. ತುಂಬ ಹೊತ್ತು ನೋಡಿದರು.

ಮೆಕ್ಯಾನಿಕ್ ಇಂಜಿನು ಆರಿಸಿದ. ಕ್ಲಚ್ಚು ಬಿಚ್ಚಿ, ಬಿಸಿ ಸ್ಪ್ರಿಂಗನ್ನು ಇಕ್ಕಳದಲ್ಲಿ ಹಿಡಿದು ಅವರ ಮುಂದೆ ಚಾಚಿದ.

"ನಾನು ಹಾಕಿದ್ದು," ಎಂದ. "ಮೊಪೆಡ್ದು. ಆವತ್ತು ಬೇರೆ ಸಿಗಲಿಲ್ಲ. ನಿಮಗೆ ಹೇಳಲಿಲ್ಲ. ಮೊದಲು ಚೈನು ಬಂದು ಪ್ಯಾಂಟು ಹಿಡ್ಕೊಂಡಿದೆ ಭಾವ. ನೀವು ಬೆಚ್ಚಿ ಬಿದ್ದಿದೀರಿ, ಆಮೇಲೆ ಬೆರಳು ಬಿಗಿಯಾಗಿದೆ. ಬೆರಳು ಆಮೇಲೆ."

ಭಾವ ಕೊಕ್ಕೆಯನ್ನು ನೋಡಿದರು, ಅವನ ಎಡಗೈಯನ್ನು ನೋಡಿದರು.

"ಆಸ್ಪತ್ರೆಲಿ ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು."

"ನಾನು ಹೇಳಿದ್ನಲ್ಲ ಆವತ್ತು, ತಾನಾಗೇ ತಿರುಗ್ತಿತ್ತು ಅಂತ."

"ಹೇಳಿದ್ರಿ."

ಭಾವ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ದಿಮ್ಮಿಯ ಇನ್ನೊಂದು ತುದಿಯಲ್ಲಿ ಕೂತು, ಹತ್ತಿ ತುರುಕಿದ್ದ ಎಡಗಾಲಿನ ಬೂಟನ್ನು ಮುಂದಕ್ಕೆ ಚಾಚಿದರು. ಪಕ್ಕದ ಟಯರ್ ಅಂಗಡಿಯಲ್ಲಿ ಯಾರೋ ಗಾಳಿ ತುಂಬುತ್ತಿದ್ದರು.

"ಮಗು ಹುಟ್ಟಿ ಒಂದೂವರೆ ವರ್ಷ ಆಯ್ತು," ಎಂದರು. "ಅದನ್ನ ಎತ್ಕೊಂಡು ನಿಂತ್ಕೊಂಡಿಲ್ಲ ನಾನು ಇದುವರೆಗೆ. ಬಾಗಿಲ ತನಕ ಕೂಡ ಹೋಗಿಲ್ಲ."

"ಅಕ್ಕಂಗೆ ನಾನು ಹೇಳ್ತೀನಿ."

"ಇವತ್ತೇ ಹೇಳು. ನಾನು ಪಕ್ಕದಲ್ಲಿ ಇರ್ತೀನಿ. ನಿನ್ನ ಬಾಯಿಂದಾನೇ ಕೇಳ್ಬೇಕು ಅವಳು."

ಅವನು ತಲೆಯಾಡಿಸಿದ. ಮುಂದೆ ಏನು ಮಾಡಬೇಕೋ ತಿಳಿಯದೆ ಹಗ್ಗ ಬಿಚ್ಚಲು ಬಗ್ಗಿದ. ಗಂಟು ಬಿಚ್ಚಿಕೊಳ್ಳಲಿಲ್ಲ.

"ಆ ನಿನ್ನ ಬಟ್ಟೆ ಕೊಡು," ಎಂದರು ಭಾವ.

ಬಟ್ಟೆ ತಂತಿಯ ಮೇಲೆ ಒಣಗಿ ಬಿಳುಪಾಗಿತ್ತು. ಅವನು ಅಂಚಿನಲ್ಲಿ ಹಿಡಿದು ತಂದುಕೊಟ್ಟ. ಭಾವನ ಎರಡೂ ಕೈಗಳಿಗೆ ಅರದ ಪುಡಿ, ಎಣ್ಣೆ ಮೆತ್ತಿತ್ತು. ಅವರು ಬಟ್ಟೆಯನ್ನು ನಾಲ್ಕಾಗಿ ಮಡಚಿ ತೊಡೆಯ ಮೇಲಿಟ್ಟುಕೊಂಡು, ಬಲಗೈಯ ತೋರುಬೆರಳೊಂದನ್ನೇ ಒರೆಸತೊಡಗಿದರು. ಗೆಣ್ಣಿನ ಗೆರೆಗಳನ್ನು, ಉಗುರಿನ ಸಂದಿಯನ್ನು, ಬುಡವನ್ನು, ಬಟ್ಟೆಯ ಮಡಿಕೆ ಬದಲಿಸಿ ಬದಲಿಸಿ, ನಿಧಾನವಾಗಿ ಒರೆಸಿದರು.