ನಾಲ್ಕನೆಯ ಹೆಗಲು

"ಹೆಗಲು ಕೊಡೂದು ದಾಯಾದಿಗಳು ಮಾತ್ರ," ಚಟ್ಟದ ಬಿದಿರಿಗೆ ಹಗ್ಗ ಬಿಗಿಯುತ್ತಿದ್ದ ಜಟ್ಟಿ ತಲೆಯೆತ್ತದೆ ಹೇಳಿದ. ಸತ್ತವನು ಅವನ ತಮ್ಮ ರಾಮಾ. ಅಂಕೋಲಾ–ಕಾರವಾರ ಫಸ್ಟ್ ಬಸ್ಸಿನ ಡ್ರೈವರನಾಗಿದ್ದು, ಬಾಳೆಗುಳಿಯಲ್ಲಿ ಮನೆ ಕಟ್ಟಿಕೊಂಡು ನಿವೃತ್ತನಾದವನು.

ಬಾಗಿಲಲ್ಲಿ ಕೂತಿದ್ದ ರಾಮಾನ ಹೆಂಡತಿ ದಮಯಂತಿ ಕಣ್ಣೊರೆಸಿಕೊಂಡಳು. "ಬಾವಾ, ಇವ್ರೇ ಹೇಳಿ ಹೋಗಿದ್ರು. ಒಂದು ಹೆಗಲು ಸೋಮುಂದೇ ಆಗ್ಬೇಕು ಅಂತ."

"ಮೀನು ಹಿಡಿಯುವವ ನಮ್ಮನೆ ಹೆಣ ಹೊರೂದಾ? ಊರವ್ರು ಎಂತ ಹೇಳ್ತಾರೆ?"

ಬೇಲೇಕೇರಿಯ ಸೋಮು ಚಟ್ಟದ ಹತ್ತಿರ ಬಂದಿದ್ದವನು ಅಂಗಳದ ಅಂಚಿಗೆ ಸರಿದ. "ಬಿಡಿ ಅಕ್ಕಾ, ಜಗಳ ಬ್ಯಾಡ. ನಾ ಹಿಂದಿಂದ ಬರ್ತೆ."

ದಮಯಂತಿ ಸೋಮು ಸರಿದ ಕಡೆಗೇ ನೋಡಿದಳು. ಗಂಡ ಕೇಳಿಕೊಂಡಿದ್ದು ಅದೊಂದೇ, ಅದನ್ನೂ ನಡೆಸಿಕೊಡಲಾಗಲಿಲ್ಲ.

*

೨೦೦೬ರ ಚೌತಿಯ ಹೊತ್ತಿಗೆ ರಾಮಾ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಿದ್ದ. ರಕ್ತ ಕಡಿಮೆಯಾಗಿರಬೇಕೆಂದು ಮನೆಯವರು ಬೀಟ್‌ರೂಟು ತಿನ್ನಿಸಿದರು. ಎಲುಬಿನೊಳಗಿನ ಮಜ್ಜೆ ತೆಗೆದು ನೋಡಿದ ಡಾಕ್ಟರು ಎರಡು ಕಾಯಿಲೆ ಹೇಳಿದರು. ರಕ್ತದ ಕ್ಯಾನ್ಸರು ಒಂದು. ಅದರ ಜೊತೆಗೆ ಮಜ್ಜೆಯೇ ಸೋತು ಒಳ್ಳೆಯ ರಕ್ತ ಹುಟ್ಟಿಸುತ್ತಿಲ್ಲ. ಈ ವಯಸ್ಸಿಗೆ ಜೋರು ಮದ್ದು ತಡೆಯುವುದಿಲ್ಲ, ಆಗಾಗ ರಕ್ತ ಕೊಡಿಸುತ್ತಿರಬೇಕು.

"ಬಾವಿ ಒಂದೇ," ರಾಮಾ ನಕ್ಕಿದ್ದ. "ನೀರೂ ಕೆಡ್ತು, ಸೆಲೆನೂ ಬತ್ತಿತು."

ಜಟ್ಟಿ 'ನಂಗೆ ಬೀಪಿ' ಎಂದು ಆಸ್ಪತ್ರೆಯ ಬಾಗಿಲಿಂದಲೇ ತಿರುಗಿದ. ಸೋಮು ಕರೆಯದೆ ಬಂದ. ಅವನ ಹೆಂಡತಿ ಲಲಿತಾಳ ಮೀನುಬುಟ್ಟಿ ಕಂಡು ಬಸ್ಸಿನವರೆಲ್ಲ ಮೂಗು ಮುಚ್ಚಿಕೊಳ್ಳುತ್ತಿದ್ದ ಕಾಲದಲ್ಲಿ, ನಿಲ್ಲಿಸಿ ಹತ್ತಿಸಿಕೊಳ್ಳುತ್ತಿದ್ದವನು ರಾಮಾ ಒಬ್ಬನೇ. ಮೂರು ತಿಂಗಳಿಗೊಮ್ಮೆ ಸೋಮು ತಾನು ರಕ್ತ ಕೊಡಲು ತೋಳು ಚಾಚಿದ; ನಡುವೆ ತನ್ನ ಕೇರಿಯವರನ್ನು ಎಳೆದುತಂದ.

"ನಿನ್ನ ರಕ್ತ ಹತ್ತಿದ ಮೇಲೆ ಬೇಲೇಕೇರಿ ಬಂಗಡೆ ಮೀನಿನ ವಾಸ್ನೆ ಬಾಳೆಗುಳಿಗೇ ಬರ್ತದೆ ಮಾರಾಯಾ," ಎನ್ನುತ್ತಿದ್ದ ರಾಮಾ.

*

ಬೇಲೇಕೇರಿ ದಂಡೆಯ ಮಸಣದಲ್ಲಿ ಚಿತೆ ಉರಿದು ಇಳಿಯಿತು. ಎಲ್ಲರೂ ಸಮುದ್ರದಲ್ಲಿ ಮುಳುಗೆದ್ದು ಮನೆಯ ದಾರಿ ಹಿಡಿದರು. ಬಂಗಡೆ ಬಂದಿದೆಯೆಂದು ಕೇರಿಯ ದೋಣಿಗಳೆಲ್ಲ ಆಗಲೇ ಹೋಗಿಯಾಗಿತ್ತು. ಸೋಮು ಮಾತ್ರ ಒದ್ದೆ ಬಟ್ಟೆಯಲ್ಲೇ ತನ್ನ ಸಣ್ಣ ದೋಣಿಯನ್ನು ಮರಳ ಮೇಲಕ್ಕೆ ಒಬ್ಬನೇ ನೂಕುತ್ತಿದ್ದ.

ಹಿಂದುಳಿದಿದ್ದ ಜಟ್ಟಿ ಕೇಳಿದ, "ನೀ ಹೋಗೂದಿಲ್ವಾ? ಇಂಥಾ ಬಂಗಡೆ ಬಿಟ್ಟು?"

"ಸೂತಕ ಅಲ್ದಾ ಜಟ್ಟಣ್ಣಾ. ಹನ್ನೊಂದು ದಿವ್ಸ ನಾ ಬಲೆ ಮುಟ್ಟೂದಿಲ್ಲ. ಲಲಿತಾನೂ ಮೀನಿನ ಅಡುಗೆ ಮಾಡೂದಿಲ್ಲ."

ತೆರೆಯೊಂದು ಬಂದು ದೋಣಿಯನ್ನು ಮತ್ತೆ ಕೆಳಗೆಳೆಯಿತು. ಜಟ್ಟಿ ಮೊಣಕಾಲುದ್ದ ನೀರಿಗಿಳಿದು, ಬೆಳಿಗ್ಗೆ ತಮ್ಮನನ್ನು ಹೊತ್ತ ಹೆಗಲನ್ನು ದೋಣಿಯ ಹಿಂಬದಿಗೆ ಕೊಟ್ಟ.

"ಹೂಂ, ನೂಕು," ಅಂದ.