ಎರಡು ಲ್ಯಾಪ್‌ಟಾಪ್‌ಗಳ ನಡುವಿನ ಗೇಣು

ಅವಳು ನೀರಿನ ಮಾದರಿ ಹಿಡಿಯುವ ಹನ್ನೊಂದನೆಯ ಗಾಜಿನ ಬುಡ್ಡಿಯನ್ನು ತೊಳೆದು ಬೋರಲು ಹಾಕಿ ಹನ್ನೆರಡನೆಯದಕ್ಕೆ ಕೈ ಚಾಚಿದ್ದಳು. ಆಚೆ ಕೋಣೆಯಿಂದ ಮೇಲ್ವಿಚಾರಕನ ದನಿ ಬಂತು.

"ಮೇಡಂ, ನಿಮ್ಮ ಫೈಲ್ ಎಲ್ಲಿ ಹೋಯ್ತು? ನನಗೆ ಕಾಣ್ತಾನೇ ಇಲ್ಲವಲ್ಲ."

"ಕಾಣೋದಕ್ಕೆ ನಾವೇನು ಆಫೀಸಲ್ಲಿದ್ದೀವಾ?" ಎನ್ನುತ್ತ ಅವಳು ಕೈ ಒರೆಸಿಕೊಂಡು ಬಂದಳು.

ಪಂಪ್‌ಹೌಸಿನ ಈ ಎರಡು ಕೋಣೆಗಳಿಗೆ ಅವರು ನೀರು ಪರೀಕ್ಷೆಗೆಂದು ಬಂದು ಮೂರು ದಿನವಾಗಿತ್ತು. ಊರಿನ ಹೊಸ ಬಡಾವಣೆಗೆ ಹಾಕಿದ ಕೊಳವೆಯ ಕವಾಟವನ್ನು ಅಂದು ಮಧ್ಯಾಹ್ನ ಮೂರಕ್ಕೆ ತೆರೆಯುವುದೆಂದು ನಿಗದಿಯಾಗಿತ್ತು. ವರದಿ ಎರಡರೊಳಗೆ ಇಲಾಖೆಗೆ ತಲುಪಬೇಕು. ಹೊಸ ವರದಿ ಬರದಿದ್ದರೆ ಹಳೆಯದೇ ಊರ್ಜಿತ ಎಂಬುದು ಅಲ್ಲಿನ ನಿಯಮ. ಹಿಂದಿನ ವಾರದ ವರದಿಯಲ್ಲಿ ನೀರು ಶುದ್ಧವಾಗಿತ್ತು. ಆದರೆ ಆಮೇಲೆ ಯಾರೋ ರಸ್ತೆ ಅಗೆದಿದ್ದರು. ಮೂರು ದಿನಗಳಿಂದ ಅವಳು ತೆಗೆದ ಅಂಕಿಗಳು ಒಂದೇ ಮಾತು ಹೇಳುತ್ತಿದ್ದವು: ಕೊಳವೆಗೆ ಎಲ್ಲೋ ಕೊಳಚೆ ಸೇರುತ್ತಿದೆ. ಆ ಬಡಾವಣೆಯ ಮೊದಲನೆಯ ನಲ್ಲಿ ಇರುವುದೇ ಹೆರಿಗೆ ಆಸ್ಪತ್ರೆಯಲ್ಲಿ.

ಅಂಕಿಗಳು ಅವಳ ಲ್ಯಾಪ್‌ಟಾಪಿನಲ್ಲಿದ್ದವು. ಹೊರಗಿನಿಂದ ಇಲಾಖೆಗೆ ವರದಿ ಕಳಿಸುವ ಅನುಮತಿ ಇದ್ದದ್ದು ಅವನ ಲ್ಯಾಪ್‌ಟಾಪಿಗೆ ಮಾತ್ರ. ಆಫೀಸಿನಲ್ಲಾದರೆ ಇಬ್ಬರಿಗೂ ಸೇರಿದ ಒಂದು ಫೋಲ್ಡರ್ ಇರುತ್ತಿತ್ತು. ಇವಳು ಹಾಕಿದ್ದನ್ನು ಅವನು ತೆಗೆದುಕೊಳ್ಳುತ್ತಿದ್ದ. ಇಲ್ಲಿ ಅದಿಲ್ಲ, ಫೋನಿನ ಸಿಗ್ನಲ್ ಕೂಡ ರಸ್ತೆ ತಿರುವಿಗೆ ಹೋದರೇ ಸಿಗುವುದು, ಅವಳ ಯಂತ್ರದಿಂದ ಆಫೀಸಿನ ಹೊರಗೆ ಮೇಲ್ ಕೂಡ ಹೋಗುತ್ತಿರಲಿಲ್ಲ. ನೀರು ಪರೀಕ್ಷಿಸುವ ಮೀಟರಿನ ಕೇಬಲ್ ಒಂದನ್ನು ಬಿಟ್ಟು ಬೇರೇನು ಚುಚ್ಚಿದರೂ ಆಫೀಸಿನ ಯಂತ್ರಗಳು ಒಪ್ಪುತ್ತಿರಲಿಲ್ಲ, ಪೆನ್‌ಡ್ರೈವಂತೂ ದೂರದ ಮಾತು. ಒಂದೇ ಮೇಜಿನ ಮೇಲೆ, ನಡುವೆ ಒಂದು ಗೇಣು ಜಾಗ ಬಿಟ್ಟು, ಮಾತು ಬಿಟ್ಟ ಓರಗಿತ್ತಿಯರ ಹಾಗೆ ಎರಡೂ ಮುಖ ತಿರುಗಿಸಿಕೊಂಡು ಕೂತಿದ್ದವು.

"ನೀವು ಓದಿ, ನಾನು ಟೈಪ್ ಮಾಡ್ತೀನಿ," ಎಂದ ಅವನು.

"ಕೈಯಲ್ಲಿ ಹೊಡೆದ ಅಂಕಿ ಆ ಫಾರಂ ತಗೊಳ್ಳಲ್ಲ. ಮೀಟರಿಂದ ಇಳಿಸಿದ ಫೈಲೇ ಬೇಕು."

"ರಸ್ತೆ ತಿರುವಿನ ತನಕ ಹೋಗಿ ಫೋನ್ ಮಾಡಿದ್ರೆ?"

"ಬರಹದಲ್ಲಿ ಕಳಿಸಿ ಅಂತಾರೆ. ಹೋದ ವರ್ಷ ಅಂದಿರಲಿಲ್ವಾ?"

ಅವನು ಕುರ್ಚಿಗೆ ಒರಗಿದ. ಅವಳಿಗಿಂತ ಹದಿನಾಲ್ಕು ವರ್ಷ ಚಿಕ್ಕವನು, ಕೆಟ್ಟವನಲ್ಲ, ಬೇಗ ಕೈಚೆಲ್ಲುವ ಸ್ವಭಾವ ಅಷ್ಟೆ. "ಸೋಮವಾರ ಆಫೀಸಿಗೆ ಹೋಗಿ ಸರಿ ಮಾಡಿದ್ರಾಯ್ತು ಬಿಡಿ ಮೇಡಂ."

"ಸೋಮವಾರದ ತನಕ ಬಾಣಂತಿಯರು ಬಾಯಾರಿಸಿಕೊಂಡು ಕೂತಿರ್ತಾರಾ?"

ಅವನು ನಾಲಿಗೆ ಕಚ್ಚಿಕೊಂಡ. ಗಡಿಯಾರದಲ್ಲಿ ಹನ್ನೊಂದೂ ಮುಕ್ಕಾಲು.

ಅವಳು ತನ್ನ ಫೋನು ತೆಗೆದು ಹಾಟ್‌ಸ್ಪಾಟ್ ಹಾಕಿದಳು.

"ಸಿಗ್ನಲ್ಲೇ ಇಲ್ಲ, ಅದನ್ನ ತಗೊಂಡು ಏನು ಪೂಜೆ ಮಾಡ್ತೀರಾ?"

"ಹೊರಗಿನ ಲೋಕ ಯಾರಿಗೆ ಬೇಕು? ಇವೆರಡೂ ಮಾತಾಡಿಕೊಂಡ್ರೆ ಸಾಕು."

ಮಗಳೂ ನಾದಿನಿಯ ಮಗಳೂ ಊಟದ ಮೇಜಿನ ಮೇಲೆ ಹೀಗೆಯೇ ಫೋಟೋ ಸಾಗಿಸಿಕೊಳ್ಳುವುದನ್ನು ಅವಳು ತರಕಾರಿ ಹೆಚ್ಚುತ್ತ ನೋಡಿದ್ದಳು. ಆಗ ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ, ಅವಳೂ ಕೇಳಿರಲಿಲ್ಲ. ಕಣ್ಣು ಮಾತ್ರ ತನ್ನ ಪಾಡಿಗೆ ಕಲಿತಿತ್ತು.

ಎರಡೂ ಲ್ಯಾಪ್‌ಟಾಪು ಫೋನಿಗೆ ಅಂಟಿಕೊಂಡವು. ಆದರೂ ಒಂದಕ್ಕೊಂದು ಕಾಣಲಿಲ್ಲ. ಅವಳ ಯಂತ್ರ ಈ ಜಾಲವನ್ನು ಬಸ್ ನಿಲ್ದಾಣದ ಜಾಲದಂತೆ ಸಾರ್ವಜನಿಕವೆಂದು ತಿಳಿದು ಬಾಗಿಲು ಹಾಕಿಕೊಂಡಿತ್ತು. ಹುಡುಕಿ ಹುಡುಕಿ ಅದನ್ನು ಖಾಸಗಿ ಎಂದು ಬದಲಾಯಿಸಿದಳು. ಒಂದು ಫೋಲ್ಡರನ್ನು ಹಂಚಿಕೆಗೆ ತೆರೆದಳು. ಅವನ ಪರದೆಯಲ್ಲಿ ಅವಳ ಯಂತ್ರದ ಹೆಸರು ಮೂಡಿತು. ಹೆಸರೂ ಪಾಸ್‌ವರ್ಡೂ ಕೇಳಿತು. ಅವನು ಹೊಡೆದ. ಇಲ್ಲ ಎಂದಿತು. ಮತ್ತೆ ಹೊಡೆದ. ಇಲ್ಲ.

"ಯಾರದು ಹಾಕ್ತಿದ್ದೀರಿ?"

"ನನ್ನದೇ."

"ನನ್ನ ಮನೆಗೆ ಬರೋಕೆ ನಿಮ್ಮ ಮನೆ ಬೀಗದ ಕೈ ತಂದ್ರೆ ಆಗುತ್ತಾ? ಸರೀರಿ," ಎಂದು ತಾನೇ ಬಾಗಿ ತನ್ನದನ್ನು ಹೊಡೆದಳು. ಫೋಲ್ಡರ್ ತೆರೆದುಕೊಂಡಿತು. ಅವನು ಮೇಜು ಗುದ್ದಿ ನಕ್ಕ. ಅವಳೂ ನಕ್ಕು, ಬುಡ್ಡಿಗಳಿಗೆಂದು ಒಲೆಯ ಮೇಲಿಟ್ಟ ನೀರು ಕುದಿಯುವ ಸದ್ದಿಗೆ ಆಚೆ ಕೋಣೆಗೆ ಹೋದಳು.

ಒಲೆ ಆರಿಸಿ ಬರುವಷ್ಟರಲ್ಲಿ ಕೆಲಸ ಕೆಟ್ಟಿತ್ತು.

ಅವರ ಆಫೀಸಿನಲ್ಲಿ ವರದಿಯ ಫೈಲಿಗೆ ಎಂದೂ ಒಂದೇ ಹೆಸರು. ತಾರೀಖು, ಹಳೆಯ ಪ್ರತಿ ಎಲ್ಲವನ್ನೂ ಅಲ್ಲಿನ ಸರ್ವರ್ ನೋಡಿಕೊಳ್ಳುತ್ತಿತ್ತು, ಹಾಗಾಗಿ ಹನ್ನೆರಡು ವರ್ಷಗಳಲ್ಲಿ ಯಾರಿಗೂ ಬೇರೆ ಹೆಸರಿಡುವ ಅಭ್ಯಾಸವೇ ಬಂದಿರಲಿಲ್ಲ. ಅವನ ಪರದೆಯ ಮೇಲೆ ಎರಡು ಕಿಟಕಿ, ಒಂದು ಅವನ ಫೋಲ್ಡರಿನದು, ಇನ್ನೊಂದು ಅವಳದರದು, ಎರಡರಲ್ಲೂ ಅದೇ ಹೆಸರಿನ ಫೈಲು. ಅವನು ಹಳೆಯದನ್ನು ಹಿಡಿದು ಹೊಸದರ ಮೇಲೆ ಎಳೆದಿದ್ದ. ಬದಲಾಯಿಸಲೇ ಎಂದು ಯಂತ್ರ ಕೇಳಿತ್ತು. ಹೂಂ ಎಂದಿದ್ದ.

"ಮೇಡಂ," ಎಂದ. ಮುಖ ಇಷ್ಟೇ ಇಷ್ಟಾಗಿತ್ತು. "ಎರಡರಲ್ಲೂ ಹೋದ ವಾರದ್ದೇ ಬರ್ತಿದೆ."

ಅವಳು ಪರದೆಗೆ ಬಾಗಿ ನೋಡಿದಳು. ಬೈಗುಳವೊಂದು ಗಂಟಲ ತನಕ ಬಂದದ್ದನ್ನು ನುಂಗಿದಳು. ಅವಸರದಲ್ಲಿ ಓದುವುದಕ್ಕೂ ಬರೆಯುವುದಕ್ಕೂ ಅನುಮತಿ ಕೊಟ್ಟವಳು ತಾನೇ. ಬೈದರೆ ಕಳೆಯುವುದು ಐದು ನಿಮಿಷ.

"ಏಳಿ. ಮೀಟರಿನ ಹೊಟ್ಟೆಯಲ್ಲಿ ಇನ್ನೂ ಇರುತ್ತೆ. ಮತ್ತೆ ಇಳಿಸ್ತೀನಿ."

"ಎಷ್ಟು ಹೊತ್ತು?"

"ನಲವತ್ತು ನಿಮಿಷ. ಅಷ್ಟು ಹೊತ್ತು ನೀವು ಕೈ ಕಟ್ಟಿಕೊಂಡು ಕೂತ್ಕೊಳ್ಳಿ. ಅದಕ್ಕಿಂತ ದೊಡ್ಡ ಸಹಾಯ ಬೇಡ."

ಕೇಬಲ್ ಚುಚ್ಚಿದಳು. ಹಸಿರು ಪಟ್ಟಿ ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಮುಂದೆ ಸರಿಯಿತು. ಅವಳು ಕದಲಲಿಲ್ಲ. ಫೈಲು ಇಳಿದ ಮೇಲೆ ಅದಕ್ಕೆ ಇಂದಿನ ತಾರೀಖಿನ ಹೆಸರಿಟ್ಟಳು. ಫೋಲ್ಡರಿಗೆ ಓದುವ ಅನುಮತಿಯನ್ನಷ್ಟೇ ಉಳಿಸಿದಳು. ಅವನ ಕೈಯನ್ನು ಪಕ್ಕಕ್ಕೆ ಸರಿಸಿ ತಾನೇ ಎಳೆದು ಅವನ ಯಂತ್ರದಲ್ಲಿ ಇಳಿಸಿದಳು, ತೆರೆದಳು, ಕೊನೆಯ ಸಾಲಿನವರೆಗೂ ನೋಡಿದಳು. ಕೊಳಚೆ ತೋರಿಸುವ ಸಾಲುಗಳೆಲ್ಲ ಕೆಂಪು.

ಒಂದೂ ಹತ್ತಕ್ಕೆ ಜೀಪು ಹೊರಟಿತು. ತಿರುವಿನಲ್ಲಿ ಸಿಗ್ನಲ್ ಸಿಕ್ಕಿತು. ಅವನು ಜೀಪು ನಿಲ್ಲಿಸಿ ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ವರದಿ ಕಳಿಸಿದ. ಹದಿನೈದು ನಿಮಿಷ ಕಳೆಯಿತು. ಉತ್ತರ ಬಂತು. ಕವಾಟ ತೆರೆಯುವುದಿಲ್ಲ, ಆಸ್ಪತ್ರೆಗೆ ಟ್ಯಾಂಕರ್ ಹೋಗುತ್ತದೆ.

"ಉಳ್ಕೊಂಡ್ವಿ ಮೇಡಂ!" ಎಂದ ಅವನು. ಆಮೇಲೆ ಸ್ವಲ್ಪ ಸಣ್ಣ ದನಿಯಲ್ಲಿ, "ನಡುವೆ ನಾನು ಮಾಡಿದ ಘನಕಾರ್ಯ ಆಫೀಸಲ್ಲಿ ಹೇಳ್ಬೇಡಿ."

"ಹೇಳಲ್ಲ."

ಅವಳ ಫೋನು ಒಂದರ ಹಿಂದೊಂದು ಸದ್ದು ಮಾಡಿತು. ಅತ್ತೆಯ ಮಾತ್ರೆ ಎಲ್ಲಿದೆ ಎಂದು ಗಂಡ ಮೂರು ಸಲ ಕೇಳಿದ್ದ, ನಾಲ್ಕನೆಯ ಸಲ ಸಿಕ್ಕಿತು ಎಂದು ಬರೆದಿದ್ದ. ಅವಳು ಫೋನು ಮಡಿಲಲ್ಲಿಟ್ಟು ಹೊರಗೆ ನೋಡಿದಳು. ಬುಡ್ಡಿ ತುಂಬಿದ್ದು, ಅಳೆದದ್ದು, ಯಂತ್ರಗಳನ್ನು ಮಾತಾಡಿಸಿದ್ದು ಅವಳು. ಆದರೂ ನೀರು ಕೆಟ್ಟಿದೆ ಎಂಬ ಒಂದು ಮಾತು ಹೊರಡಬೇಕಾದರೆ ಇನ್ನೊಬ್ಬರ ತೊಡೆಯ ಮೇಲಿನ ಪೆಟ್ಟಿಗೆ ಒಪ್ಪಬೇಕಿತ್ತು. ಅವನು ಈ ದಿನ ಜ್ವರವೆಂದು ಮಲಗಿದ್ದರೆ?

ಕಳಿಸುವ ಅನುಮತಿ ತನ್ನ ಯಂತ್ರಕ್ಕೂ ಸಿಗುವ ತನಕ ಮುಂದಿನ ಪರೀಕ್ಷೆಗೆ ಹೊರಡುವುದಿಲ್ಲ ಎಂದುಕೊಂಡಳು. ಕೇಳುವುದು ಬಾಯಿಮಾತಿನಲ್ಲಲ್ಲ, ಕಾಗದದಲ್ಲಿ. ಸೋಮವಾರ, ಹತ್ತು ಗಂಟೆಗೆ. ಇಲ್ಲವೆಂದರೆ ಅವರ ಮೇಲಿನವರಿಗೆ.

"ಏನು ಮೇಡಂ, ಯೋಚನೆ?" ಎಂದ ಅವನು, ಗಾಡಿ ತಿರುಗಿಸುತ್ತ.

"ಏನಿಲ್ಲ. ಧೂಳು ಬರ್ತಿದೆ, ಗಾಜು ಏರಿಸಿ," ಎಂದಳು. ಪತ್ರದ ಮೊದಲನೆಯ ವಾಕ್ಯ ಆಗಲೇ ಮನಸ್ಸಿನಲ್ಲಿ ಸಿದ್ಧವಾಗಿತ್ತು.